ಅರ್ಧ ಅಂತ ಯಾರು ಹೇಳಿದ್ರು?

ಬೆಳಕಿಗೂ ನನಗೂ ಯಾವ ಜಗಳವೂ ಇಲ್ಲ. ಅದು ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ನಾನು ನನ್ನ ಪಾಡಿಗೆ ಕಾಲೇಜಿನಲ್ಲಿ ಅದರ ವೇಗ ಇಷ್ಟು ಎಂದು ಬೋರ್ಡಿನ ಮೇಲೆ ಬರೆದು, ಸೀಮೆಸುಣ್ಣದ ಪುಡಿ ಕೊಡವಿಕೊಂಡು ಮನೆಗೆ ಬರುತ್ತೇನೆ. ಜಗಳ ಇದ್ದದ್ದು ಬೆಳಕಿಗೂ ನನ್ನ ಭಾವನಿಗೂ. ಬೆಳಕನ್ನು ಎದುರಿಗೆ ಕೂರಿಸಿಕೊಂಡು ಬೈಯಲು ಆಗುವುದಿಲ್ಲವಲ್ಲ, ಅದಕ್ಕೆ ನಾನು ಸಿಕ್ಕಿದ್ದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ರೈಲ್ವೆಯ ಗಡಿಯಾರ ವಿಭಾಗಕ್ಕೆ ಮುಖ್ಯ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಸರ್ವಿಸಿನ ಉದ್ದಕ್ಕೂ ಒಂದು ನಿಲ್ದಾಣದ ಗಡಿಯಾರ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಹಿಂದೆಮುಂದೆ ಆಗದಂತೆ ನೋಡಿಕೊಂಡವರು. ಆ ವಿಷಯವನ್ನು ಹೇಳದೆ ಯಾರ ಮನೆಯಲ್ಲೂ ಒಂದು ಲೋಟ ಚಹಾ ಕುಡಿದವರಲ್ಲ. ಜಗಮೊಂಡ. ಅಕ್ಕತಂಗಿಯರಿಬ್ಬರ ಪಾಲಿನ ತಾಳ್ಮೆಯನ್ನೂ ಅಕ್ಕನೇ ಎತ್ತಿಕೊಂಡು ಹುಟ್ಟಿದ್ದರಿಂದ ಅವಳ ಸಂಸಾರ ನಡೆಯಿತು. ನನ್ನ ಪಾಲಿಗೆ ಉಳಿದದ್ದು ಸಿಡುಕು ಮಾತ್ರ.

ಅವರ ಇಲಾಖೆಯ ಕೆಲಸ ಹೀಗಿತ್ತು. ಬೆಳಗಾದರೆ ಮುಖ್ಯ ಕಚೇರಿಯ ದೊಡ್ಡ ಗಡಿಯಾರದಿಂದ ತಂತಿಯಲ್ಲಿ ಒಂದು ಸಂಕೇತ ಹೊರಡುತ್ತದೆ. ದೂರದ ನಿಲ್ದಾಣಕ್ಕೆ ಮುಟ್ಟಿದ ತಕ್ಷಣ ಅಲ್ಲಿಂದ ಮರುಸಂಕೇತ ಬರುತ್ತದೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ನೋಡಿ, ಅದನ್ನು ಅರ್ಧ ಮಾಡಿ, ಆ ಅರ್ಧವನ್ನು ಕೂಡಿಸಿ ದೂರದ ಗಡಿಯಾರವನ್ನು ಸರಿಪಡಿಸುತ್ತಾರೆ. ಅಷ್ಟೆ. ಭಾವ ಇದನ್ನೇ ಮಾಡಿಕೊಂಡು ಬಂದರು, ಕೈಕೆಳಗಿನವರಿಂದ ಮಾಡಿಸಿದರು, ಮಾಡದವರನ್ನು ಬೈದರು. ಒಂದು ದಿನವೂ ಅದರ ಬಗ್ಗೆ ಅನುಮಾನ ಪಡಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ, ಹೊತ್ತು ಹೋಗಲಿ ಎಂದು ನಾನೇ ಒಂದು ಸಾಪೇಕ್ಷತೆಯ ಪುಸ್ತಕ ಕೊಟ್ಟೆ. ಹೊತ್ತು ಹೋಯಿತು. ನನ್ನ ನೆಮ್ಮದಿಯೂ ಅದರ ಜೊತೆಗೇ ಹೋಯಿತು.

ಪುಸ್ತಕ ಮುಗಿಸಿದ ದಿನವೇ ಫೋನ್ ಬಂತು.

"ಪ್ರೊಫೆಸರಮ್ಮ, ನಿಮ್ಮ ಕೆದರುತಲೆ ಸಿದ್ಧಾಂತಿ ನಮ್ಮ ಇಲಾಖೆ ಕೆಲಸಾನೇ ಮಾಡಿದಾನಲ್ಲ!"

"ಹೌದು ಭಾವ. ಎರಡು ಗಡಿಯಾರ ಹೊಂದಿಸೋಕೆ ಅದೇ ದಾರಿ. ತಂತಿ ಬದಲು ಬೆಳಕು."

"ಹೋಗಿ ಬಂದ ಹೊತ್ತನ್ನ ಅರ್ಧ ಮಾಡು ಅಂತಾನೆ."

"ಹೌದು."

"ಅರ್ಧ ಅಂತ ಯಾರು ಹೇಳಿದ್ರು?"

ನಾನು ನಕ್ಕೆ. ಅಲ್ಲೇ ಕೆಟ್ಟದ್ದು. ನಗದೆ ಫೋನಿಟ್ಟಿದ್ದರೆ ಏನಾಗುತ್ತಿತ್ತೋ. "ಹೋಗೋದು ನಿಧಾನ, ಬರೋದು ಬೇಗ ಇರಬಹುದಲ್ಲ? ಇವನು ಅಳೆದಿದಾನಾ?" ಎಂದು ಭಾವ ಶುರುಮಾಡಿದರು. ಅವತ್ತು ಹಿಡಿದ ಪಟ್ಟನ್ನು ಆಮೇಲೆ ಬಿಡಲೇ ಇಲ್ಲ.

ನಿಜ ಹೇಳಬೇಕೆಂದರೆ ಆ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ. ಇಲ್ಲಿಂದ ಬೆಳಕು ಬಿಟ್ಟು, ಅಲ್ಲಿ ಕನ್ನಡಿಗೆ ತಗುಲಿ ಮರಳಿ ಬರಲು ಎಷ್ಟು ಹೊತ್ತಾಯಿತು ಎಂದು ನೋಡಲು ಕೈಯಲ್ಲಿ ಒಂದೇ ಗಡಿಯಾರ ಇದ್ದರೆ ಸಾಕು. ಅದನ್ನು ಎಷ್ಟೋ ಜನ ಅಳೆದಿದ್ದಾರೆ. ಆದರೆ ಬರೀ ಹೋಗಲು ಎಷ್ಟು ಹೊತ್ತು ಎಂದು ತಿಳಿಯಬೇಕಾದರೆ ಆ ತುದಿಯಲ್ಲೂ ಒಂದು ಗಡಿಯಾರ ಬೇಕು. ಅದು ಈ ತುದಿಯ ಗಡಿಯಾರಕ್ಕೆ ಸರಿಹೊಂದಿರಬೇಕು. ಹೊಂದಿಸಲು ಬೆಳಕು ಕಳಿಸಬೇಕು. ಬೆಳಕು ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ಮೊದಲೇ ಗೊತ್ತಿದ್ದರೆ ತಾನೇ ಹೊಂದಿಸುವುದು? ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತೇವೆ. ಹೋಗುವುದೂ ಬರುವುದೂ ಸಮ ಎನ್ನುವುದು ಅಳೆದು ಕಂಡುಕೊಂಡದ್ದಲ್ಲ, ಹಾಗೆಂದು ಇಟ್ಟುಕೊಂಡದ್ದು. ಇದನ್ನು ಆ ಸಿದ್ಧಾಂತಿಯೇ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ನನ್ನ ವಿದ್ಯಾರ್ಥಿಗಳಿಗೆ ನಾನೂ ಹೇಳುತ್ತೇನೆ. ಅವರು ಬರೆದುಕೊಂಡು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಭಾವ ಮರೆಯುವ ಜಾತಿಯವರಾಗಿರಲಿಲ್ಲ.

"ಅಂದ್ರೆ ಯಾರೂ ಅಳೆದಿಲ್ಲ ಅಂತ ಒಪ್ಕೋತೀಯ?"

"ಒಪ್ಕೋತೀನಿ. ಒಂದು ದಾರಿಯ ವೇಗ ಯಾರೂ ಅಳೆದಿಲ್ಲ, ಅಳೆಯೋಕೂ ಆಗಲ್ಲ. ಅದು ಒಂದು ಒಪ್ಪಂದ."

"ಹಾಗಾದ್ರೆ ಸಿದ್ಧಾಂತ ಸುಳ್ಳು."

"ಅಯ್ಯೋ, ಅಲ್ಲ ಭಾವ! ರಸ್ತೆಯಲ್ಲಿ ಒಂದು ಮಗ್ಗುಲಲ್ಲೇ ಹೋಗ್ಬೇಕು ಅನ್ನೋದೂ ಒಪ್ಪಂದವೇ. ಅದಕ್ಕೆ ರಸ್ತೆನೇ ಸುಳ್ಳು ಅಂತೀರಾ?"

"ಮಾತು ತಿರುಗಿಸ್ಬೇಡ."

"ನೀವು ಬೇಕಾದ್ರೆ ಹೋಗೋದು ನಿಧಾನ, ಬರೋದು ಬೇಗ ಅಂತ ಇಟ್ಕೊಂಡೇ ಲೆಕ್ಕ ಮಾಡಿ. ಎಲ್ಲಾ ಪ್ರಯೋಗಕ್ಕೂ ಅದೇ ಉತ್ತರ ಬರುತ್ತೆ. ಬರವಣಿಗೆ ಉದ್ದ ಆಗುತ್ತೆ ಅಷ್ಟೆ."

"ನೋಡು, ನೀನೇ ಹೇಳ್ದೆ. ಹೇಗೆ ಬೇಕಾದ್ರೂ ಇಟ್ಕೋಬಹುದು. ಅದಕ್ಕೇ ಸುಳ್ಳು ಅಂದಿದ್ದು."

ಇದು ಒಂದು ಸಲ ಆದ ಮಾತುಕತೆಯಲ್ಲ. ಊಟದ ತಟ್ಟೆಯ ಮುಂದೆ, ಬಟ್ಟೆ ಅಂಗಡಿಯಲ್ಲಿ ಅಕ್ಕ ಬಣ್ಣ ಆರಿಸುತ್ತಿರುವಾಗ, ನೆಂಟರೊಬ್ಬರ ಮದುವೆಯಲ್ಲಿ ಫೋಟೋಕ್ಕೆ ನಿಂತಾಗ, ಎಲ್ಲೆಂದರಲ್ಲಿ ಇದೇ ಆಯಿತು. ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನೊಬ್ಬಳು ಹರಳೆಣ್ಣೆ ಕುಡಿದವಳ ಹಾಗೆ ನಿಂತಿದ್ದೇನೆ. ಭಾವನ ಬಾಯಿ ತೆರೆದೇ ಇದೆ.

ಕೊನೆಗೆ ಅವರು ಬೆಳಕನ್ನೇ ಬಿಟ್ಟು ಗಡಿಯಾರ ಹೊಂದಿಸುವ ದಾರಿ ಕಂಡುಹಿಡಿದೆ ಎಂದರು. ಇಲಾಖೆ ಗುಜರಿಗೆ ಹಾಕಬೇಕೆಂದಿದ್ದ ಎರಡು ಭಾರೀ ನಿಖರವಾದ ಗಡಿಯಾರಗಳನ್ನು ಯಾರ ಯಾರನ್ನೋ ಕಾಡಿ ತಂದಿದ್ದರು. ಗಡಿಯಾರ ಎಂದರೆ ಮುಳ್ಳುಗಳಿರುವುದಲ್ಲ. ಕಬ್ಬಿಣದ ಪೆಟ್ಟಿಗೆಗಳು, ಮುಂದೆ ಹಸಿರು ಅಂಕಿಗಳು. ಅವರ ಫ್ಲ್ಯಾಟಿನ ಹೊರಗೆ ಇಡೀ ಮಹಡಿಗೆ ಸೇರಿದ ಉದ್ದನೆಯ ಓಣಿಯಿದೆ. ಎರಡೂ ಪೆಟ್ಟಿಗೆಗಳನ್ನು ಈ ತುದಿಯಲ್ಲಿ ಪಕ್ಕಪಕ್ಕ ಇಟ್ಟು ಸರಿಹೊಂದಿಸುವುದು. ಒಂದನ್ನು ಅಕ್ಕನ ಚಹಾ ಟ್ರಾಲಿಯ ಮೇಲೆ ಇಟ್ಟು, ನಿಧಾನವಾಗಿ ತಳ್ಳಿಕೊಂಡು ಆ ತುದಿಗೆ ಒಯ್ಯುವುದು. ಆಮೇಲೆ ಬೆಳಕು ಬಿಡುವುದು. ಓಣಿಯ ಉದ್ದಕ್ಕೂ ವೈರು. ಪಕ್ಕದ ಮನೆಯಾಕೆ ಎರಡು ಸಲ ಎಡವಿ, ಮೂರನೆಯ ಸಲ ಕಾಲು ಕೆರೆದು ಜಗಳಕ್ಕೆ ಬಂದಳಂತೆ.

"ಬಾ, ನೋಡು. ನಿನ್ನ ಒಪ್ಪಂದ ಇಲ್ಲದೆ ಹೊಂದಿಸಿದೀನಿ" ಎಂದರು ಭಾವ.

ನಾನು ಓಣಿಯಲ್ಲಿ ನಿಂತು ಕೈಕಟ್ಟಿಕೊಂಡು ಕೇಳಿದೆ. "ತಳ್ಕೊಂಡು ಹೋಗುವಾಗ ಆ ಗಡಿಯಾರ ಹಿಂದೆಮುಂದೆ ಆಗಲಿಲ್ಲ ಅಂತ ಹೇಗೆ ಗೊತ್ತು?"

"ನಿಧಾನಕ್ಕೆ ತಳ್ಳಿದೀನಲ್ಲ!"

"ಚಲಿಸೋ ಗಡಿಯಾರ ಎಷ್ಟು ತಡ ಮಾಡುತ್ತೆ ಅನ್ನೋದೂ ಅದೇ ಒಪ್ಪಂದದ ಮೇಲೇ ನಿಂತಿದೆ ಭಾವ. ನೀವು ಹೇಳೋ ಹಾಗೆ ಹೋಗೋ ಬೆಳಕು ನಿಧಾನ ಇದ್ರೆ, ಆ ಕಡೆಗೆ ಹೋಗೋ ಗಡಿಯಾರವೂ ತಕ್ಕ ಹಾಗೆ ಹಿಂದೆ ಬೀಳುತ್ತೆ. ಎರಡೂ ಸೇರಿ ನಿಮಗೆ ಸಮ ಅಂತಲೇ ತೋರ್ಸುತ್ತೆ. ಬಾಗಿಲಲ್ಲಿ ಬೇಡ ಅಂದಿದ್ದನ್ನ ಕಿಟಕಿಯಿಂದ ಒಳಗೆ ತಂದಿದೀರ."

"ಚಲಿಸೋ ಗಡಿಯಾರ ತಡ ಮಾಡುತ್ತೆ ಅನ್ನೋದು ನಿನ್ನ ಸಿದ್ಧಾಂತ! ಸಿದ್ಧಾಂತ ಸರಿಯಾ ಅಂತ ಕೇಳಿದ್ರೆ ಸಿದ್ಧಾಂತಾನೇ ಸಾಕ್ಷಿಗೆ ಕರೀತೀಯಲ್ಲ, ನಾಚಿಕೆ ಆಗಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಅದು ಅರ್ಧ ಸರಿಯಾಗಿದ್ದರಿಂದಲೇ ಉರಿದದ್ದು. ಪೂರ್ತಿ ತಪ್ಪು ಮಾತಾಡುವವರನ್ನು ಸಹಿಸಬಹುದು. ಅರ್ಧ ಸರಿ ಹೇಳಿ, ಮಿಕ್ಕ ಅರ್ಧಕ್ಕೆ ಹಾರಿ ಕೂರುವವರನ್ನು ಏನು ಮಾಡುವುದು? "ತಳ್ಳಿ, ತಳ್ಳಿ, ಇನ್ನೂ ನಿಧಾನಕ್ಕೆ ತಳ್ಳಿ" ಎಂದು ರೇಗಿ ಹೇಳಿ ಅಕ್ಕನ ಅಡುಗೆಮನೆಗೆ ಹೊರಟುಹೋದೆ.

ಭಾವ ನಿಜವಾಗಿಯೂ ತಳ್ಳಿದರು. ಆ ವಾರವೆಲ್ಲ ಅಷ್ಟು ಭಾರದ ಪೆಟ್ಟಿಗೆಯನ್ನು ಓಣಿಯ ಆ ತುದಿಗೂ ಈ ತುದಿಗೂ ತಳ್ಳುತ್ತಾ ಇದ್ದರಂತೆ. ಒಂದು ಮಧ್ಯಾಹ್ನ ಅರ್ಧ ದಾರಿಯಲ್ಲಿ ಉಸಿರು ಸಿಕ್ಕಿಕೊಂಡು, ಟ್ರಾಲಿಯ ಹಿಡಿ ಬಿಡದೆ ಹಾಗೇ ನೆಲಕ್ಕೆ ಕುಸಿದರು. ಎಡವುವ ಪಕ್ಕದ ಮನೆಯಾಕೆಯೇ ಕೂಗಿ ಜನ ಸೇರಿಸಿದಳು.

ಹೃದಯದ ಒಂದು ಕವಾಟ ಕಲ್ಲಿನ ಹಾಗೆ ಗಟ್ಟಿಯಾಗಿ, ರಕ್ತ ಹಾಯಲು ಸೂಜಿಯಷ್ಟೇ ದಾರಿ ಉಳಿದಿದೆ ಎಂದರು ಆಸ್ಪತ್ರೆಯಲ್ಲಿ. ಸರ್ಜನ್ ಚಿಕ್ಕ ವಯಸ್ಸಿನವನು, ಮೆಲುಮಾತಿನವನು. ನನ್ನನ್ನೂ ಅಕ್ಕನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ. ಆಪರೇಷನ್ ಮಾಡಿ ಹೊಸ ಕವಾಟ ಹಾಕಿದರೆ ಮೊದಲಿನಂತೆ ಓಡಾಡಬಹುದು, ಬಿಟ್ಟರೆ ಯಾವ ದಿನ ಬೇಕಾದರೂ ಏನು ಬೇಕಾದರೂ ಆಗಬಹುದು. ಅಪಾಯ ಇದೆ, ಆದರೆ ಈ ವಯಸ್ಸಿನವರಲ್ಲಿ ಬಹುಪಾಲು ಜನ ಚೆನ್ನಾಗೇ ಎದ್ದು ಬರುತ್ತಾರೆ. ರೋಗಿಗೆ ಪ್ರಜ್ಞೆ ಇದೆ, ಬುದ್ಧಿ ಚುರುಕಾಗಿದೆ, ಆದ್ದರಿಂದ ಸಹಿ ಅವರೇ ಹಾಕಬೇಕು.

ಭಾವ ಹಾಕಲಿಲ್ಲ.

"ಮೊದಲು ನಮ್ಮ ವಿಷಯ ಇತ್ಯರ್ಥ ಆಗಲಿ" ಎಂದರು, ನನ್ನ ಕಡೆ ನೋಡಿ.

"ಯಾವ ವಿಷಯ?"

"ಗೊತ್ತಿಲ್ಲದೋಳ ಹಾಗೆ ಆಡ್ಬೇಡ. ಸಿದ್ಧಾಂತ ಸುಳ್ಳು ಅಂತ ನೀನು ಒಪ್ಕೋ, ಇಲ್ಲಾ ನಾನು ತಪ್ಪು ಅಂತ ನನಗೆ ಒಪ್ಪಿಸು. ಎರಡರಲ್ಲಿ ಒಂದಾಗದೆ ನಾನು ಆ ಕೋಣೆ ಒಳಗೆ ಹೋಗಲ್ಲ."

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅವರ ಕೈಗೆ ಸೂಜಿ ಚುಚ್ಚಿ ನಳಿಕೆ ಕಟ್ಟಿದ್ದರು, ಎದೆಯ ಮೇಲೆಲ್ಲ ವೈರುಗಳು, ಮುಖ ಬಿಳಿಚಿಕೊಂಡಿತ್ತು. ಆ ಸ್ಥಿತಿಯಲ್ಲೂ ಬೆರಳು ಎತ್ತಿ ಗಾಳಿಯಲ್ಲಿ ಎರಡು ಗಡಿಯಾರ ಬರೆದು ತೋರಿಸುತ್ತಿದ್ದರು. ಭಯ ಆಗಿದೆ, ಅದಕ್ಕೆ ಮುಂದೂಡುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಸಿಟ್ಟೇ ಬರುತ್ತಿತ್ತು. ಭಯ ಆಗಿದ್ದರೆ ಭಯ ಆಗಿದೆ ಎನ್ನಲಿ, ಅದಕ್ಕೆ ಬೆಳಕು ಏನು ಮಾಡಿತು?

ಎರಡು ದಿನ ನಾನು ವಾದಿಸಿದೆ. ನಿಜಕ್ಕೂ ವಾದಿಸಿದೆ, ಕಾಲೇಜಿಗೆ ರಜೆ ಹಾಕಿ. ಆಸ್ಪತ್ರೆಯವರು ಊಟದ ಜೊತೆ ಕೊಡುವ ಕಾಗದದ ಕರವಸ್ತ್ರಗಳ ಮೇಲೆ ಚಿತ್ರ ಬರೆದೆ. ಅವರು ಅದನ್ನು ತಿರುಗಿಸಿ ಹಿಂದೆ ತಮ್ಮ ಚಿತ್ರ ಬರೆದರು. ಯಾವ ಪ್ರಯೋಗವೂ ಹಿಡಿಯಲಾಗದ ವ್ಯತ್ಯಾಸವನ್ನು ಮೋಸ ಎಂದು ಕರೆಯಲು ಆಗದು ಎಂದೆ. ಹಿಡಿಯಲಾಗದಂತೆ ಮಾಡಿರುವುದೇ ಮೋಸ ಎಂದರು. ನರ್ಸ್ ಬಂದು ರಕ್ತದೊತ್ತಡ ನೋಡಿ, ಇಬ್ಬರನ್ನೂ ದುರುಗುಟ್ಟಿ ನೋಡಿ ಹೋದಳು. ಸರ್ಜನ್ ದಿನಕ್ಕೊಮ್ಮೆ ಬಂದು, ಭಾವ ಏನು ಹೇಳಿದರೂ "ಹೌದು ಸರ್, ನೀವು ಹೇಳೋದು ಸರಿ ಸರ್" ಎನ್ನುತ್ತಿದ್ದ. ಅವನು ಬೆನ್ನು ತಿರುಗಿಸಿದ ತಕ್ಷಣ ಭಾವ, "ಇವನಿಗೆ ಅ ಆ ಇ ಈ ಗೊತ್ತಿಲ್ಲ, ತಲೆ ಆಡಿಸ್ತಾನೆ" ಎಂದು ಗೊಣಗುವರು. ನೋಡಲು ಬಂದ ನೆಂಟರೂ ಅಷ್ಟೇ. ಯಾವಾಗಲೂ ಭಾವನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತಿದ್ದವರೆಲ್ಲ ಈಗ ಕೈಕಟ್ಟಿ ಕೂತು ಹೌದು ಹೌದು ಎನ್ನುತ್ತಿದ್ದರು.

ಮೂರನೆಯ ದಿನ ಅಕ್ಕ ನನ್ನನ್ನು ಕೈ ಹಿಡಿದು ವರಾಂಡಕ್ಕೆ ಎಳೆದುಕೊಂಡು ಹೋದಳು. ಜನ್ಮದಲ್ಲಿ ಅವಳು ನನ್ನ ಮೇಲೆ ದನಿ ಏರಿಸಿದ್ದನ್ನು ನಾನು ಕಂಡಿರಲಿಲ್ಲ.

"ಒಪ್ಕೋ" ಎಂದಳು.

"ಅಕ್ಕ, ಅದು ಸುಳ್ಳು."

"ಸುಳ್ಳಾದ್ರೆ ಏನೇ? ನೀನು ಸೋತೆ ಅಂದ್ರೆ ನಿನ್ನ ಬೆಳಕು ಆರಿಹೋಗುತ್ತಾ? ನಾಳೆ ಬೆಳಗಾಗಲ್ವಾ? ಅವರಿಗೆ ಏನಾದ್ರೂ ಆದ್ರೆ ಆಮೇಲೆ ನಿನ್ನ ಸರಿ ಇಟ್ಕೊಂಡು ನಾನೇನು ಮಾಡ್ಲಿ? ಗೋಡೆಗೆ ತೂಗುಹಾಕ್ಲಾ?"

ಅವಳ ಕಣ್ಣು ಕೆಂಪಾಗಿತ್ತು. ನಾಲ್ಕು ದಿನದಿಂದ ತಲೆ ಬಾಚಿರಲಿಲ್ಲ. ಅಕ್ಕ ಹೇಳಿದ್ದರಲ್ಲಿ ತಪ್ಪೇನು? ಯಾವ ಪರೀಕ್ಷೆಯಲ್ಲೂ ಕೇಳದ, ಯಾವ ಸೇತುವೆಯನ್ನೂ ಬೀಳಿಸದ ಒಂದು ಸುಳ್ಳು. ಉಗುಳು ನುಂಗಿಕೊಂಡು ಹೇಳಿಬಿಟ್ಟರೆ ಮುಗಿಯಿತು. ನಾನು ಒಳಗೆ ಹೋದೆ.

"ಭಾವ, ರಾತ್ರಿ ಯೋಚನೆ ಮಾಡಿದೆ. ನೀವು ಹೇಳಿದ್ದೇ ಸರಿ."

ಭಾವ ಕಣ್ಣು ಮಿಟುಕಿಸಿದರು. "ಏನು?"

"ಸಿದ್ಧಾಂತ ಸುಳ್ಳು. ನಾನು ಸೋತೆ."

ಅವರು ಕುಣಿದಾಡುತ್ತಾರೆ, ಅಕ್ಕನನ್ನು ಕೂಗುತ್ತಾರೆ, ನನ್ನ ಮಾನ ಹರಾಜು ಹಾಕುತ್ತಾರೆ ಎಂದುಕೊಂಡು ಹಲ್ಲು ಕಚ್ಚಿ ನಿಂತಿದ್ದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು.

"ಯಾವ ಹೆಜ್ಜೆಯಲ್ಲಿ ಒಪ್ಪಿದೆ?"

"ಹಾಂ?"

"ಅಳೆಯೋಕೆ ಆಗಲ್ಲ ಅನ್ನೋದು ಮೊದಲೇ ಒಪ್ಪಿದ್ದೆ. ಅಲ್ಲಿಂದ ಸುಳ್ಳು ಅನ್ನೋದಕ್ಕೆ ಹೋಗಲ್ಲ ಅಂತಿದ್ದೆ. ಈಗ ಹೇಗೆ ಹೋದೆ?"

ನಾನು ಏನೋ ತೊದಲಿದೆ. ಟ್ರಾಲಿ ಎಂದೆ, ಗಡಿಯಾರ ಎಂದೆ, ನಿಧಾನವಾಗಿ ತಳ್ಳಿದರೆ ತೊಂದರೆಯಿಲ್ಲ ಅನಿಸಿತು ಎಂದೆ. ನನ್ನ ವಿದ್ಯಾರ್ಥಿ ಹಾಗೆ ಉತ್ತರ ಬರೆದಿದ್ದರೆ ಸೊನ್ನೆ ಕೊಟ್ಟಿರುತ್ತಿದ್ದೆ. ಭಾವ ಪೂರ್ತಿ ಕೇಳಿದರು. ಒಂದು ಕಡೆಯೂ ತಡೆಯಲಿಲ್ಲ.

"ಸರಿ. ಪೆನ್ನು ಕೊಡು" ಎಂದರು.

ಸಹಿ ಹಾಕಿದರು. ಅಕ್ಕ ನನ್ನನ್ನು ವರಾಂಡದಲ್ಲಿ ತಬ್ಬಿಕೊಂಡು ಅತ್ತಳು. ಆಪರೇಷನ್ ಮಾರನೆಯ ಬೆಳಿಗ್ಗೆಗೆ ನಿಗದಿಯಾಯಿತು. ನಾನು ದೊಡ್ಡ ಗಂಡಾಂತರ ಕಳೆದವಳ ಹಾಗೆ ಮನೆಗೆ ಬಂದು, ಕಾಲು ಚಾಚಿ ಕೂತು, ಬೆಳಕಿನ ಶನಿ ಬಿಟ್ಟಿತು ಎಂದುಕೊಂಡೆ.

ಸಂಜೆ ಅಕ್ಕನ ಫೋನ್ ಬಂತು. ದನಿ ಸಣ್ಣಗಾಗಿತ್ತು.

"ಅವರಿಗೆ ಏನು ಹೇಳಿದೆಯೇ?"

"ನೀನು ಹೇಳು ಅಂದಿದ್ದನ್ನೇ ಹೇಳ್ದೆ!"

"ಆವಾಗಿಂದ ಒಂದು ಥರ ಆಗಿದಾರೆ ಕಣೆ. ಕೊಟ್ಟ ಊಟ ಮಾತಿಲ್ಲದೆ ತಿಂದ್ರು. ಓಣಿಯ ವೈರೆಲ್ಲಾ ತೆಗೆಸಿಬಿಡು, ಪಾಪ ಆ ಹೆಂಗಸು ಎಡವ್ತಾಳೆ ಅಂದ್ರು. ಗಡಿಯಾರ ಎರಡನ್ನೂ ಗುಜರಿಯವನಿಗೆ ಕೊಡು ಅಂದ್ರು. ಆಮೇಲೆ ಫ್ಯೂಸು ಹೋದ್ರೆ ಹೇಗೆ ಹಾಕ್ಬೇಕು, ನೀರಿನ ಮೋಟಾರು ಕೆಟ್ರೆ ಯಾರನ್ನ ಕರೀಬೇಕು ಅಂತ ಒಂದೊಂದೇ ಹೇಳ್ಕೊಟ್ರು. ನಾನು ಬೇಡ ಅಂದ್ರೂ ಬಿಡದೆ, ಎಲ್ಲಿ, ಇನ್ನೊಂದ್ಸಲ ಹೇಳು ಅಂತ ನನ್ನ ಬಾಯಲ್ಲೇ ಹೇಳಿಸಿದ್ರು. ನರ್ಸ್ ಸೂಜಿ ತಪ್ಪಾಗಿ ಚುಚ್ಚಿದ್ರೆ ಪರವಾಗಿಲ್ಲಮ್ಮ ಅಂದ್ರು. ನಮ್ಮೋರು! ಪರವಾಗಿಲ್ಲ ಅಂದ್ರು!"

ನಾಳೆ ಬಂದು ನೋಡ್ತೀನಿ ಎಂದು ಹೇಳಿ ಫೋನಿಟ್ಟೆ.

ಬೆಳಿಗ್ಗೆ ಬೇಗ ಆಸ್ಪತ್ರೆಗೆ ಹೋದೆ. ಭಾವನನ್ನು ಆಗಲೇ ಗಾಲಿಮಂಚದ ಮೇಲೆ ಮಲಗಿಸಿ, ತಲೆಗೆ ಹಸಿರು ಟೊಪ್ಪಿಗೆ ಹಾಕಿ, ವಾರ್ಡಿನ ಬಾಗಿಲ ಹತ್ತಿರ ನಿಲ್ಲಿಸಿದ್ದರು. ಕನ್ನಡಕ ತೆಗೆದಿದ್ದರಿಂದ ಮುಖ ಬೇರೆಯವರ ಮುಖದ ಹಾಗೆ ಕಾಣುತ್ತಿತ್ತು. ಅಕ್ಕ ಅವರ ಪಾದದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಸರ್ಜನ್ ಆಪರೇಷನ್ ಕೋಣೆಯಿಂದ ಕರೆಯುವುದನ್ನು ಕಾಯುತ್ತಾ ವಾರ್ಡ್ ಬಾಯ್ ಗೋಡೆಗೆ ಒರಗಿದ್ದ.

"ಬಂದ್ಯಾ?" ಎಂದರು ಭಾವ. "ಅಕ್ಕನ್ನ ನೋಡ್ಕೋ. ಅವಳಿಗೆ ಸಿಟ್ಟು ಮಾಡ್ಕೊಳ್ಳೋಕೆ ಬರಲ್ಲ, ಎಲ್ಲರೂ ಮೋಸ ಮಾಡ್ತಾರೆ."

"ಯಾಕೆ ಭಾವ ಹೀಗೆಲ್ಲಾ ಮಾತಾಡ್ತೀರ? ನಾಳಿದ್ದು ನೀವೇ ಎದ್ದು ಕೂತಿರ್ತೀರ."

"ಇರಲಿ ಬಿಡು." ಅವರು ದನಿ ತಗ್ಗಿಸಿದರು. "ಅಕ್ಕನಿಗೆ ಕೇಳಿಸೋದು ಬೇಡ. ಡಾಕ್ಟರು ನಿಂಗೊಬ್ಬಳಿಗೇ ಏನೋ ಹೇಳಿದಾರೆ. ಅಲ್ವಾ?"

"ಏನೂ ಹೇಳಿಲ್ಲ!"

"ನನ್ನ ಹತ್ರ ಮುಚ್ಚಿಡ್ಬೇಡ ಕಣೆ. ಬೇರೆಯವರು ಹೌದು ಹೌದು ಅಂದಾಗ ನಾನು ತಲೆ ಕೆಡಿಸ್ಕೊಳ್ಲಿಲ್ಲ. ಇವರಿಗೆ ಗೊತ್ತಿಲ್ಲ, ಆಡ್ತಾರೆ ಅಂದ್ಕೊಂಡೆ. ನೀನು ಬಿಡ್ತಿರಲಿಲ್ಲ. ಎರಡು ದಿನ ನನ್ನ ಜೊತೆ ನಾಯಿ ಥರ ಕಚ್ಚಾಡಿದೆ. ಸದ್ಯ, ಇನ್ನೂ ಅಷ್ಟು ಕೆಟ್ಟಿಲ್ಲ ಅಂತ ಧೈರ್ಯ ಇತ್ತು. ನಿನ್ನೆ ಬಂದು ನೀವೇ ಸರಿ ಅಂದ್ಯಲ್ಲ." ಅವರು ಅಕ್ಕನ ಕಡೆ ಕಣ್ಣು ಹಾಯಿಸಿದರು. "ಬದುಕೋನ ಹತ್ರ ನೀನು ಹಾಗೆ ಹೇಳ್ತಿರಲಿಲ್ಲ."

ಇಡೀ ರಾತ್ರಿ ಈ ಮನುಷ್ಯ ಇದನ್ನೇ ಎದೆಯ ಮೇಲೆ ಇಟ್ಟುಕೊಂಡು ಮಲಗಿದ್ದರು. ಇಟ್ಟವಳು ನಾನು. ಅಕ್ಕನ ಕಡೆ ನೋಡಿದೆ. ಅವಳಿಗೆ ಕೇಳಿಸಿತ್ತು, ಅವರ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಿಜ ಹೇಳಿದರೆ ಸಹಿ ಹೋಗುತ್ತದೆ. ಹೇಳದಿದ್ದರೆ ಇವರು ಸಾಯಲೆಂದೇ ಒಳಗೆ ಹೋಗುತ್ತಾರೆ. ನನಗೆ ದುಃಖವೂ ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಾಯಿ ತೆರೆದೆ.

"ಸುಳ್ಳು ಹೇಳ್ದೆ ಭಾವ. ಸಹಿ ಹಾಕ್ಲಿ ಅಂತ ಸುಳ್ಳು ಹೇಳ್ದೆ. ನಿಮ್ಮ ವಾದ ತಪ್ಪು. ನಿನ್ನೆಯೂ ತಪ್ಪು, ಇವತ್ತೂ ತಪ್ಪು. ನೀವು ನೂರು ವರ್ಷ ಆ ಟ್ರಾಲಿ ತಳ್ಳಿದ್ರೂ ತಪ್ಪೇ!"

ವಾರ್ಡ್ ಬಾಯ್ ಗೋಡೆ ಬಿಟ್ಟು ನೆಟ್ಟಗೆ ನಿಂತ. ಭಾವ ಮೊಣಕೈ ಊರಿ ಎದ್ದರು.

"ಏನಂದೆ?"

"ಅಳೆಯೋಕೆ ಆಗಲ್ಲ ಅನ್ನೋದು ಸರಿ. ಅದಕ್ಕೇ ಸುಳ್ಳು ಅನ್ನೋದು ಶುದ್ಧ ಪೆದ್ದುತನ. ಡಾಕ್ಟರು ಏನೂ ಹೇಳಿಲ್ಲ, ಕವಾಟ ಹಾಕಿದ್ರೆ ಸರಿಹೋಗ್ತೀರ ಅಂತಷ್ಟೇ ಹೇಳಿರೋದು. ನಮ್ಮಿಬ್ಬರಿಗೂ ಒಟ್ಟಿಗೇ ಹೇಳಿದಾರೆ, ಅಕ್ಕನ್ನ ಕೇಳಿ."

"ಮೋಸ ಮಾಡಿ ಸಹಿ ತಗೊಂಡ್ಯಾ?" ಭಾವನ ಮುಖಕ್ಕೆ ರಕ್ತ ಏರಿತು. "ಕರೀರಿ ಆ ಡಾಕ್ಟರನ್ನ! ಆ ಕಾಗದ ಹರಿದುಹಾಕಿ! ಸಹಿ ವಾಪಸ್!"

ಗಲಾಟೆ ಕೇಳಿ ಸರ್ಜನ್ ಒಳಗಿನಿಂದ ಬಂದ, ಅರ್ಧ ಗೌನು ಕಟ್ಟಿಕೊಂಡು. "ಸಮಾಧಾನ ಸರ್, ನೀವು ಹೇಳೋದು ಸರಿ ಸರ್."

"ನೀವು ಸುಮ್ನಿರಿ, ನಿಮಗೆ ಏನೂ ಗೊತ್ತಿಲ್ಲ!" ಎಂದರು ಭಾವ.

"ಹರೀರಿ ಭಾವ, ಹರಿದುಹಾಕಿ" ಎಂದೆ ನಾನು. ನನಗೆ ಅಳು ತಡೆಯಲು ಆಗುತ್ತಿರಲಿಲ್ಲ. "ಅದು ನಿಮ್ಮ ಸಹಿ, ನಿಮ್ಮಿಷ್ಟ. ಆದ್ರೆ ನಾನು ಮಾತ್ರ ಒಪ್ಪಲ್ಲ. ಇವತ್ತೂ ಒಪ್ಪಲ್ಲ, ಇನ್ನು ಹತ್ತು ವರ್ಷ ಬಿಟ್ಟೂ ಒಪ್ಪಲ್ಲ. ನೀವು ಎದ್ದು ಕೂತು ದಿನಾ ತಲೆ ತಿಂದ್ರೂ ಒಪ್ಪಲ್ಲ. ತಿನ್ನಿ. ನನಗೆ ನೀವು ಬೇಕು, ನಿಮಗೋಸ್ಕರ ಹೇಳೋ ಸುಳ್ಳು ಬೇಡ."

ಭಾವ ಏದುಸಿರು ಬಿಡುತ್ತಾ ನನ್ನನ್ನೇ ನೋಡಿದರು. ಕನ್ನಡಕ ಇಲ್ಲದ ಕಣ್ಣಿಗೆ ನಾನು ಎಷ್ಟು ಕಂಡೆನೋ.

"ನಿಜವಾಗ್ಲೂ ಏನೂ ಹೇಳಿಲ್ವಾ?"

"ನಿಜವಾಗ್ಲೂ."

ಅವರು ಮೆಲ್ಲಗೆ ಮತ್ತೆ ದಿಂಬಿಗೆ ಒರಗಿದರು. ಕಣ್ಣಿನ ಕೊನೆಯಿಂದ ನೀರು ಇಳಿದು ಟೊಪ್ಪಿಗೆಯೊಳಗೆ ಹೋಯಿತು. "ತುಂಬಾ ಹೆದರಿಬಿಟ್ಟಿದ್ದೆ ಕಣೆ" ಎಂದರು. ಅಷ್ಟು ದಿನದಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಸರ್ಜನ್ ಹಿಂಜರಿಯುತ್ತಾ ಕೇಳಿದ. "ಸರ್, ಹಾಗಾದ್ರೆ ಇವತ್ತು..."

ಭಾವ ಅವನ ಕಡೆ ತಲೆ ಹೊರಳಿಸಿದರು. "ಇವಳ ಸೊಕ್ಕು ನೋಡಿದ್ರಾ? ಶುದ್ಧ ಪೆದ್ದುತನ ಅಂತೆ. ಇಂಥೋಳನ್ನ ಹೀಗೇ ಬಿಟ್ಟು ಹೋಗೋಕಾಗುತ್ತೇನ್ರೀ? ನಡೀರಿ, ಬೇಗ ಮುಗಿಸಿ."

ವಾರ್ಡ್ ಬಾಯ್ ಮಂಚ ತಳ್ಳಿದ. ನಾನು ಮೂಗು ಒರೆಸಿಕೊಂಡು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಡೆದೆ. ಇಷ್ಟು ಹೊತ್ತು ಕೂಗಿದ್ದು ಸಾಕು, ಇನ್ನು ಅವರ ರಕ್ತದೊತ್ತಡ ಏರಿಸುವುದು ಬೇಡ ಎನಿಸಿತ್ತು. ಹಿಂದಿನಿಂದ ಅಕ್ಕ ನನ್ನ ಬೆನ್ನಿಗೆ ತಿವಿದಳು.

"ಯಾಕೆ ಸುಮ್ನಾದೆ? ಮಾತಾಡೇ" ಎಂದಳು, ಬಿಕ್ಕುತ್ತಾ. "ಜಗಳ ಆಡು. ನಿಲ್ಲಿಸ್ಬೇಡ."

"ಗಡಿಯಾರ ತಳ್ಳಿದ್ರೆ ಅದು ತಡ ಆಗುತ್ತೆ ಭಾವ" ಎಂದೆ.

"ಎಷ್ಟು ತಡ? ಅಳೆದಿದೀಯಾ?" ಎಂದರು ಭಾವ. ದೊಡ್ಡ ಬಾಗಿಲು ತೆರೆಯಿತು. ನಮ್ಮಿಬ್ಬರನ್ನು ಗೆರೆಯ ಈಚೆ ನಿಲ್ಲಿಸಿದರು. ಮಂಚ ಒಳಗೆ ಹೋಗುತ್ತಿದ್ದ ಹಾಗೆ ನಾನು ಕೂಗಿ ಉತ್ತರ ಹೇಳಿದೆ. ಅವರೂ ಒಳಗಿನಿಂದ ಏನೋ ಕೂಗಿದರು. ಬಾಗಿಲು ಮುಚ್ಚಿಕೊಂಡಿತು. ನನಗೆ ಕೇಳಿಸಲಿಲ್ಲ. ಅಕ್ಕ ನನ್ನ ತೋಳು ಹಿಡಿದುಕೊಂಡು, "ಇನ್ನೂ ಹೇಳು, ಇನ್ನೂ ಹೇಳು" ಎನ್ನುತ್ತಲೇ ಇದ್ದಳು. ನಾನು ಆ ಮುಚ್ಚಿದ ಬಾಗಿಲ ಮುಂದೆ ನಿಂತು, ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಅವರು ಎಲ್ಲಿ ತಪ್ಪಿದ್ದಾರೆ ಎಂದು ಮೊದಲಿನಿಂದ ಹೇಳತೊಡಗಿದೆ.